ಖಾನನಿಗೆ ಕಲಿಸಿದ ಜೋಗುಳ

ನಮ್ಮ ನಾರಿನ್ ಎಂಬ ಬೆಟ್ಟಸೀಮೆಯ ದೊಡ್ಡ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ಹಾಲು ಕರೆದ ಕಾಲಿಪಾ ಯಾರ ಮನೆಯ ಪಂಚಾಯಿತಿಗೂ ತಲೆ ಹಾಕಿದವಳಲ್ಲ. ಕೇಳಿದರೆ, "ನಂಗೆ ಹಸು ಗೊತ್ತು, ಕತೆ ಗೊತ್ತು. ಬೇರೇದು ಕೇಳ್ಬೇಡಿ" ಅನ್ನುತ್ತಿದ್ದಳು. ಕತೆಯನ್ನು ಮಾತ್ರ ಅವಳ ಬಾಯಲ್ಲೇ ಕೇಳಬೇಕು. ಕತೆಯಲ್ಲಿ ಯಾರಾದರೂ ಅಂಗಲಾಚುವ ಕಡೆ ಬಂದರೆ ಅವಳ ದನಿ ಏರುವ ಬದಲು ತಗ್ಗುತ್ತಿತ್ತು. ಅದೇ ಕತೆ ನಾನು ಹೇಳಹೋದರೆ ಮೂಗು ಸುರಿಸಿಕೊಂಡು ಅಳುತ್ತಿದ್ದೆ. "ನೀನೇ ಅತ್ತುಬಿಟ್ರೆ ಕೇಳೋರಿಗೆ ಏನೇ ಉಳೀತು?" ಎಂದು ಒಮ್ಮೆ ಗದರಿಸಿದ್ದಳು.

ಆ ವರ್ಷ ಚಳಿಗೆ ಮುಂಚೆ ನಮ್ಮೂರ ಮುದುಕಿ ಬುರ್ಮಾಳ ಅಂಗಳದಲ್ಲಿ ಉಣ್ಣೆಯ ಹಾಸು ಮಾಡಲು ಸೇರಿದ್ದೆವು. ಒದ್ದೆ ಉಣ್ಣೆಯನ್ನು ಜೊಂಡಿನ ಚಾಪೆಯಲ್ಲಿ ಸುತ್ತಿ, ಸಾಲಾಗಿ ಮಂಡಿಯೂರಿ, ಮೊಣಕೈಯಲ್ಲಿ ಒತ್ತಿ ಉರುಳಿಸುವ ಕೆಲಸ. ಬುರ್ಮಾಳ ಮಗ ತೀರಿಕೊಂಡು ವರ್ಷವಾಗಿತ್ತು. ಸೊಸೆ ಅನಾರ ಮರುದಿನ ತವರಿಗೆ ಹೊರಡುವವಳಿದ್ದಳು. ಅವಳ ಮೂರು ವರ್ಷದ ಮಗಳು ಮೀರಿಮ್ ಮಾತ್ರ ಅಪ್ಪನ ಕುಲದ ಕೂಸು, ಇಲ್ಲೇ ಇರಬೇಕು ಎಂದು ಬುರ್ಮಾ ಪಟ್ಟು ಹಿಡಿದಿದ್ದಳು. ಅನಾರ ಕಾಲಿಗೆ ಬಿದ್ದಾಗಿತ್ತು, ಊರ ಹಿರಿಯರು ಬುದ್ಧಿ ಹೇಳಿಯಾಗಿತ್ತು. ಮುದುಕಿ ಜಗ್ಗಿರಲಿಲ್ಲ.

"ಒಂದು ಕತೆ ಹೇಳೇ ಕಾಲಿಪಾ, ಕೈ ಸೋತೋಗ್ತಿದೆ" ಎಂದವಳು ಬುರ್ಮಾಳೇ.

ಕಾಲಿಪಾ ಒಬ್ಬ ವಿಧವೆಯ ಕತೆ ಎತ್ತಿಕೊಂಡಳು. ಬೇಕೆಂದೇ ಎತ್ತಿಕೊಂಡಳೋ ಇಲ್ಲವೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ಬುರ್ಮಾಳ ಎದುರು ಈ ಕತೆಯೇ ಎಂದು ನಾನು ಅನಾರಳ ಕಡೆ ನೋಡಿದೆ. ಕತೆಯಲ್ಲಿ ನಾಡನ್ನಾಳುವ ಖಾನ ವಿಧವೆಯ ಮಗನನ್ನು ಕಿತ್ತುಕೊಳ್ಳುತ್ತಾನೆ. ಅವಳು ಅಳುತ್ತಾಳೆ, ಖಾನ ಕರಗುವುದಿಲ್ಲ. ದೇವರ ಭಯ ಹಾಕುತ್ತಾಳೆ, ಅವನು ನಗುತ್ತಾನೆ. ಕೊನೆಗೆ ಕಣ್ಣೊರೆಸಿಕೊಂಡು, "ಆಯ್ತು ಒಡೆಯಾ, ಇಟ್ಕೊಳ್ಳಿ. ಆದ್ರೆ ಇವನು ನನ್ನ ಜೋಗುಳ ಇಲ್ದೆ ಮಲಗಲ್ಲ. ಕಲಿಸ್ಕೊಡ್ತೀನಿ, ನನ್ನ ಹಿಂದೆ ಹೇಳಿ" ಅನ್ನುತ್ತಾಳೆ. ಖಾನ ಮೊದಲ ಸಾಲು ಹೇಳುತ್ತಾನೆ. ಎರಡನೆಯ ಸಾಲನ್ನು ಅರ್ಧಕ್ಕೇ ಬಿಟ್ಟು ಮುಖ ತಿರುಗಿಸಿಕೊಳ್ಳುತ್ತಾನೆ.

ಚಾಪೆ ಉರುಳುವುದು ನಿಂತಿತ್ತು.

"ಆಮೇಲೆ? ಬಿಟ್ಕೊಟ್ನಾ?" ಬುರ್ಮಾ ಕೇಳಿದಳು.

"ಇಲ್ಲ. ಮಗೂನ ಇಟ್ಕೊಂಡ."

"ಪಾಪಿ. ಕತೆ ತಾನೆ, ಬಿಟ್ಕೊಟ್ಟ ಅಂತ ಹೇಳೋಕೆ ನಿಂಗೇನು ರೋಗ?"

"ಹಿಡ್ಕೊಂಡಿರೋನು ಅವ್ನು. ನಾನು ಹೆಂಗೆ ಬಿಡಿಸ್ಲಿ ಅಕ್ಕಾ?"

ಎಂದೂ ಹುಟ್ಟದ ಒಬ್ಬ ಹೆಂಗಸು ಎಂದೂ ಇಲ್ಲದ ಒಬ್ಬ ಖಾನನಿಗೆ ಹೇಳಿದ ಮಾತು, ಹಿರಿಯರೆಲ್ಲ ಸೇರಿ ಅಲ್ಲಾಡಿಸಲಾಗದ ಮುದುಕಿಯ ಕೈಕೆಲಸ ನಿಲ್ಲಿಸಿಬಿಟ್ಟಿತ್ತು. ಅಂಥ ಸೋಜಿಗವನ್ನು ನಾನು ಮತ್ತೆ ಕಂಡಿಲ್ಲ.

ಬುರ್ಮಾ ಸೊಸೆಯ ಕಡೆ ತಿರುಗಿದಳು. "ಮೀರಿಮ್ ಯಾವ ಹಾಡಿಗೆ ಮಲಗ್ತಾಳೆ?"

ಅನಾರ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹಾಡಲು ಬಾಯಿ ತೆರೆದಳು.

"ಬೇಡ" ಎಂದಳು ಬುರ್ಮಾ. "ನಂಗೆ ಕಲಿಸ್ಬೇಡ. ನಾಳೆ ನೀನೇ ಕರ್ಕೊಂಡೋಗಿ ಮಲಗಿಸ್ಕೊ."