ಪಟ್ಟಿ ಕೊಯ್ದ ಢಾಲು

ನಂಬುವವರು ನಂಬಲಿ, ನಗುವವರು ನಗಲಿ. ಇದು ನಾನು ಯಾರಿಂದಲೋ ಕೇಳಿದ ಸುದ್ದಿಯಲ್ಲ, ನನ್ನ ಎಡಗೈ ಉಂಡ ಏಟು.

ಮೊದಲ ಮಹಾಯುದ್ಧ ಮುಗಿದು ಏಳೆಂಟು ವರ್ಷವಾಗಿತ್ತು. ಬೆಳಗಾವಿಯಲ್ಲಿ ನನ್ನದು ಕುದುರೆ ಜೀನು ಹೊಲಿಯುವ ಅಂಗಡಿ. ಖಾನಾಪುರದ ಹತ್ತಿರದ ಒಂದು ಜಹಗೀರುದಾರ ಮನೆತನದ ವಾಡೆಯಿಂದ ಕರೆ ಬಂತು. ದಸರೆಯ ಖಂಡೇಪೂಜೆಗೆ ಮುಂಚೆ ಅವರ ಹಳೆಯ ಢಾಲಿಗೆ, ಅಂದರೆ ಗುರಾಣಿಗೆ, ಎಣ್ಣೆ ಹಚ್ಚಬೇಕಿತ್ತು, ಅಷ್ಟೇ.

ಘೇಂಡಾಮೃಗದ ಚರ್ಮದ ಢಾಲು. ಮುಂದೆ ನಾಲ್ಕು ಹಿತ್ತಾಳೆ ಗುಬುಟು, ಹಿಂದೆ ಮುಷ್ಟಿಗೆ ಒತ್ತದಂತೆ ಸಣ್ಣ ಗಾದಿ. ಕತ್ತಿಯ ಕಾಲದಲ್ಲಿ ಎಷ್ಟು ಜೀವ ಉಳಿಸಿತ್ತೋ ಏನೋ! ಬಂದೂಕು ಬಂದ ಮೇಲೆ ಅದಕ್ಕೆ ಗೋಡೆಯೇ ಗತಿಯಾಗಿತ್ತು. ಆದರೆ ಕೈ ತೂರಿಸುವ ಎರಡೂ ಪಟ್ಟಿ ಇರಲಿಲ್ಲ. ಸವೆದು ಹರಿದಿರಲಿಲ್ಲ, ಯಾರೋ ಚಾಕುವಿನಿಂದ ಕೊಯ್ದಿದ್ದರು.

"ಎಣ್ಣಿ ಹಚ್ಚಿ ಮಲ್ಕೋರಿ. ಮತ್ತೇನೂ ಮಾಡಾಕ ಹೋಗಬ್ಯಾಡ್ರಿ," ಎಂದು ವಾಡೆಯ ಯಜಮಾನರಾದ ಮುದುಕ ಅಪ್ಪಾಸಾಹೇಬರು ಒಳಗೆ ಹೋದರು.

ನಾನು ಕೇಳಬೇಕಲ್ಲ! ಅರೆಬರೆ ಸಾಮಾನು ಕಂಡರೆ ನನ್ನ ಕೈ ಸುಮ್ಮನಿರದು. ಪಡಸಾಲೆಯಲ್ಲಿ ಕಂದೀಲು ಇಟ್ಟುಕೊಂಡು ಹೊಸ ಪಟ್ಟಿ ಹೊಲಿದೆ. ಹೊಲಿದದ್ದನ್ನು ಎಳೆದು ನೋಡದೆ ಕೊಡುವವರಲ್ಲ ನಾವು. ಎಡಗೈ ತೂರಿಸಿದೆ.

ಧಪ್!

ಭುಜದವರೆಗೂ ಜುಮ್ಮೆಂದಿತು. ಎದುರಿಗೆ ಯಾರೂ ಇಲ್ಲ... ಢಾಲಿನ ಮೇಲೆ ಮತ್ತೊಂದು ಏಟು. ಗಪ್ಪನೆ ರಕ್ತದ ವಾಸನೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಅಂಗಿ ಬಿಗಿಯಾಗಿ ಹಿಡಿದುಕೊಂಡರು. ಸಣ್ಣ ಕೈ... ಸಣ್ಣ ಬಳೆಗಳ ಸದ್ದು. ಬಿಕ್ಕುವ ಉಸಿರು ನನ್ನ ಸೊಂಟಕ್ಕೆ ತಾಗುತ್ತಿತ್ತು.

"ಬಿಡಬ್ಯಾಡ ಕಾಕಾ..."

ಢಾಲು ಎಸೆದು ಅಂಗಳಕ್ಕೆ ಓಡಿದೆ. ಹಿಂದೆ ಒಮ್ಮೆಲೇ ಬಳೆಗಳು ಒಡೆದ ಸದ್ದಾಯಿತು. ಆಮೇಲೆ ಏನೂ ಕೇಳಲಿಲ್ಲ.

ಬೆಳಿಗ್ಗೆ ಅಪ್ಪಾಸಾಹೇಬರು ಢಾಲು ಎತ್ತಿಕೊಂಡರು. ಅದರ ಮೇಲೆ ಎರಡು ಹೊಸ ಗಾಯಗಳಿದ್ದವು.

"ಹಿಂದ ಆ ಕೂಸು ಇತ್ತೇನ್ರಿ?"

ಹೌದೆಂದು ತಲೆಯಾಡಿಸಿದೆ.

"ನೀವೂ ಓಡಿದ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮಪ್ಪ ಓಡಿದ್ದ. ನಾನೂ ಓಡೀನಿ."

"ಯಾರ್ರೀ ಅಕಿ?"

"ಯಾರಿಗ್ಗೊತ್ತು? ಹೊಳ್ಳಿ ಮುಖ ನೋಡಾಕ ಯಾರ ನಿಂತಾರ್ರೀ?" ಎನ್ನುತ್ತ ಅವರು ನನ್ನ ಹೊಸ ಪಟ್ಟಿಗಳನ್ನು ಕೊಯ್ದು ಹಾಕಿದರು.

ಎಷ್ಟೋ ವರ್ಷವಾಯಿತು. ಆ ಢಾಲು ಇನ್ನೂ ನೂರು ಏಟು ತಡೆಯುತ್ತಿತ್ತು. ನನ್ನ ಹೊಲಿಗೆಯೂ ಬಿಟ್ಟಿರಲಿಲ್ಲ. ಓಡಿದ್ದು ನಾನು...