ವೈರಿನ ಬಳೆ ತೊಡುತ್ತಿದ್ದ ಸುಮಿತ್ರಕ್ಕ

ಸುಮಿತ್ರಕ್ಕನ ಎಡಗೈಯಲ್ಲಿ ಗಾಜಿನ ಬಳೆಗಳ ನಡುವೆ ಯಾವಾಗಲೂ ಒಂದು ತುಂಡು ವೈರ್ ಸುತ್ತಿಕೊಂಡಿರುತ್ತಿತ್ತು. ಒಂದು ವಾರ ನೀಲಿ, ಮುಂದಿನ ವಾರ ಕೆಂಪು. ಕಂಡವರು ಯಾವುದೋ ಹರಕೆಯ ದಾರ ಎಂದುಕೊಳ್ಳುತ್ತಿದ್ದರು. ಹೊನ್ನಾವರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದ ಅವರು ಬಿಡುವಾದಾಗೆಲ್ಲ ಅದನ್ನು ಬಿಚ್ಚುವರು, ಮಡಚುವರು, ಮತ್ತೆ ಸುತ್ತಿಕೊಳ್ಳುವರು. ಬಸ್ಸಿನಲ್ಲಿ ಕೂತಾಗಲೂ ಅಷ್ಟೆ, ಬಂಗಡೆಗೆ ಚೌಕಾಸಿ ಮಾಡುವಾಗಲೂ ಅಷ್ಟೆ. ವಾರ ಕಳೆದರೂ ಮುರಿಯದೆ ಉಳಿದ ವೈರ್‌ಗೆ ಮಾತ್ರ ಅವರು ಗಿಟಾರಿಗೆ ಜೋಡಿಸುತ್ತಿದ್ದ ಪೆಡಲ್ ಡಬ್ಬಿಯೊಳಗೆ ಜಾಗ.

"ಗಂಡು ನೋಡುವಾಗ್ಲೂ ಹೀಗೇ ಪರೀಕ್ಷೆ ಮಾಡಿದ್ಯನೇ ಸುಮಿತ್ರಾ?" ಎಂದು ರಾಮಚಂದ್ರಣ್ಣ ಒಮ್ಮೆ ಕೇಳಿದ್ದರು.

"ಮಾಡಿದ್ದೆ ಮಾರಾಯ. ಒಂದೂ ವಾರ ತಡೀಲಿಲ್ಲ."

ರಾಮಚಂದ್ರಣ್ಣ ಕುಮಟಾದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. ಜೊತೆಗೆ ಒಂದು ಆರ್ಕೆಸ್ಟ್ರಾ ನಡೆಸುತ್ತಿದ್ದರು. ಅದರಲ್ಲಿ ಅವರು ಡ್ರಮ್ಸ್, ನಾನು ಕೀಬೋರ್ಡ್. ತೊಂಬತ್ತರ ದಶಕದ ಕೊನೆಗೆ ನಮ್ಮ ಗಿಟಾರಿನ ಹುಡುಗ ಮಸ್ಕತ್ತಿಗೆ ಹೋದ. ಬೇರೆಯವರು ಸಿಗದೆ ಒದ್ದಾಡುತ್ತಿದ್ದಾಗ ಬಂದವರು ಸುಮಿತ್ರಕ್ಕ. ನಲವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಹೆಗಲಿಗೆ ಪಿನ್ನು ಹಾಕಿದ ಸೆರಗು. ಮುಂಬಯಿಗೆ ಹೋದ ತಮ್ಮ ಬಿಟ್ಟುಹೋಗಿದ್ದ ಎಲೆಕ್ಟ್ರಿಕ್ ಗಿಟಾರನ್ನು ಮನೆಯಲ್ಲಿ ಒಬ್ಬರೇ ಕೂತು ಕಲಿತಿದ್ದರು. ನಮ್ಮೆದುರು ಕುರ್ಚಿಯ ಮೇಲೆ ಕೂತು, ಚಪ್ಪಲಿ ಬಿಟ್ಟು ಒಂದು ಹಾಡು ಬಾರಿಸಿದರು. ಮುಗಿದ ಮೇಲೆ ರಾಮಚಂದ್ರಣ್ಣ ಕೇಳಿದ್ದು ಒಂದೇ ಮಾತು: "ಭಾನುವಾರ ರಜೆ ಅದ್ಯಾ?"

ಸಿನಿಮಾ ಹಾಡುಗಳ ನಡುವೆ ಗಿಟಾರ್ ಕೆರಳಿ ಕೂಗುವ ಜಾಗಗಳಿರುತ್ತವೆ. ಬರೀ ಗಿಟಾರಿನಿಂದ ಆ ದನಿ ಹೊರಡುವುದಿಲ್ಲ. ಗಿಟಾರಿಗೂ ಆಂಪ್ಲಿಫಯರಿಗೂ ನಡುವೆ ಒಂದು ಪೆಡಲ್ ಬೇಕು, ಅದರ ಗುಂಡಿಯನ್ನು ಕಾಲಿನಿಂದ ಒತ್ತಬೇಕು. ಅಂಥದ್ದು ನಮ್ಮ ಕಡೆ ಯಾವ ಅಂಗಡಿಯಲ್ಲೂ ಇರಲಿಲ್ಲ. ಸುಮಿತ್ರಕ್ಕ ತಮ್ಮನ ಹಳೆಯ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿದ್ದ ನಕ್ಷೆ ನೋಡಿ, ಅಲ್ಯುಮಿನಿಯಂ ಬುತ್ತಿ ಡಬ್ಬಿಯೊಳಗೆ ತಾವೇ ಒಂದು ಕಟ್ಟಿದರು. ವೈರು ಎಕ್ಸ್‌ಚೇಂಜಿನಲ್ಲಿ ಕತ್ತರಿಸಿ ಬಿಸಾಡಿದ ತುಂಡುಗಳು, ಒಳಗೆ ಒಂದೇ ಗಟ್ಟಿ ತಂತಿ ಇರುವಂಥವು.

"ಬಗ್ಗಿಸಿದ ಹಾಗೇ ಕೂರ್ತದೆ ನೋಡು ತಮಾ, ಶಾಲೆ ಮಕ್ಕಳ ಹಾಗೆ," ಎಂದು ಮುಚ್ಚಳ ತೆಗೆದು ನನಗೆ ತೋರಿಸಿದ್ದರು. ಒಳಗೆ ರಂಗೋಲಿ ಬಿಟ್ಟ ಹಾಗಿತ್ತು.

ಆ ಡಬ್ಬಿ ಕೈಕೊಟ್ಟಿದ್ದು ಭಟ್ಕಳದ ಹತ್ತಿರ ಮುಟ್ಟಳ್ಳಿಯಲ್ಲಿ. ಅಲ್ಲಿನ ಯುವಕ ಸಂಘದ ಕಾರ್ಯಕ್ರಮ. ಮೈದಾನದ ತುಂಬ ಜನ. ಎರಡನೆಯ ಹಾಡಿನಲ್ಲಿ ಸುಮಿತ್ರಕ್ಕ ಹಿಮ್ಮಡಿಯಿಂದ ಗುಂಡಿ ಒತ್ತಿದರು. ಗಿಟಾರ್ ಕೂಗಲಿಲ್ಲ, ಪೂರ್ತಿ ಮೂಕವಾಯಿತು. ಮತ್ತೆ ಒತ್ತಿದರು. ಕರ್ ಎಂದು ಒಮ್ಮೆ ಕೆಮ್ಮಿ ಸುಮ್ಮನಾಯಿತು. ವೇದಿಕೆಯ ಪಕ್ಕ ನಿಂತಿದ್ದ ಸಂಘದ ಕಾರ್ಯದರ್ಶಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಹೆಂಗಸರ ಕೈಗೆ ಕೊಟ್ರೆ ಮತ್ತೆಂತ ಆಗ್ತದೆ?" ಮುಂದಿನ ಸಾಲಿನವರು ನಕ್ಕರು. ಸುಮಿತ್ರಕ್ಕ ಬಗ್ಗಿ ಗಿಟಾರಿನ ಕೇಬಲನ್ನು ಪೆಡಲಿನಿಂದ ಕಿತ್ತು ನೇರ ಆಂಪ್ಲಿಫಯರಿಗೆ ಚುಚ್ಚಿದರು. ಉಳಿದ ಕಾರ್ಯಕ್ರಮವನ್ನು ತಲೆ ಎತ್ತದೆ ಬಾರಿಸಿದರು.

ಮರುದಿನ ಅವರ ಮನೆಗೆ ಹೋದೆ. ಡಬ್ಬಿಯನ್ನು ಆಗಲೇ ಬಿಚ್ಚಿಟ್ಟಿದ್ದರು. ಗುಂಡಿಯ ಹತ್ತಿರ ಒಂದು ವೈರ್ ಬೆಸುಗೆಯ ಬುಡದಲ್ಲೇ ಮುರಿದಿತ್ತು. ವೈರಿನ ಪ್ಲಾಸ್ಟಿಕ್ ಸಿಪ್ಪೆ ಬಿಡಿಸುವಾಗ ಬ್ಲೇಡು ಸಣ್ಣಗೆ ತಾಗಿದ ಜಾಗ. ದಿನಾ ತುಳಿದು ತುಳಿದು, ಅಲ್ಲೇ ತುಂಡಾಗಿತ್ತು.

"ಗೋಡೆ ಮೇಲೆ ಅಲುಗದೆ ಕೂರುವ ವೈರನ್ನ ಕಾಲಡಿ ಹಾಕಿದ್ದು ನನ್ನ ತಪ್ಪು," ಎಂದರು. "ಅವ ಹೇಳಿದ್ದಕ್ಕೆ ಬೇಜಾರಿಲ್ಲ ತಮಾ. ಇಲ್ಲ, ಸುಳ್ಳು. ಬೇಜಾರದೆ."

ಬಳೆಯ ಪರೀಕ್ಷೆ ಶುರುವಾದದ್ದು ಅಲ್ಲಿಂದ. ಒಳಗೆ ಕೂದಲೆಳೆಯಂಥ ತಂತಿಗಳನ್ನು ಹೊಸೆದಿರುವ ವೈರೇ ಬೇಕೆಂದು ತೀರ್ಮಾನಿಸಿದರು. ಆದರೆ ಸಿಕ್ಕಿದ್ದೆಲ್ಲ ಆಗುತ್ತಿರಲಿಲ್ಲ. ದಪ್ಪದ್ದಾದರೆ ಡಬ್ಬಿಯ ಮುಚ್ಚಳ ಕೂರುವುದಿಲ್ಲ. ಕೆಲವದರ ಪ್ಲಾಸ್ಟಿಕ್ ಸಿಪ್ಪೆ ಬೆಸುಗೆಯ ಕಾವಿಗೆ ಕರಗಿ ಹಿಂದೆ ಸರಿದು, ತಾಮ್ರ ಬತ್ತಲಾಗಿ ಪಕ್ಕದ್ದಕ್ಕೆ ತಾಗುತ್ತದೆ. "ಬಿಸಿ ತಾಗಿದ ಕೂಡಲೇ ಸೀರೆ ಎತ್ತಿಕೊಂಡು ಓಡುವ ವೈರ್ ನಂಗೆ ಬೇಡ," ಎನ್ನುತ್ತಿದ್ದರು.

ಕೊನೆಗೆ ಭಟ್ಕಳದ ಪೇಟೆಯಲ್ಲಿ ರಿಪೇರಿ ಅಂಗಡಿಯ ಮುದಿ ಸಾಹೇಬರೊಬ್ಬರು ಸಿಕ್ಕಿದರು. ಗಲ್ಫಿನಿಂದ ಬಂದು ಕೆಟ್ಟು ಕೂತ ಟೇಪ್‌ರೆಕಾರ್ಡರುಗಳ ರಾಶಿಯೇ ಅವರಲ್ಲಿತ್ತು. ಒಂದರ ಹೊಟ್ಟೆಯಿಂದ ಬಿಳಿ ವೈರೊಂದನ್ನು ಎಳೆದು ಸುಮಿತ್ರಕ್ಕನ ಅಂಗೈಗೆ ಹಾಕಿದರು. "ನರಂ ಮಾಲ್ ನೋಡಿ ಅಕ್ಕಾ, ರೇಶ್ಮೆ ಥರಾ." ಸುಮಿತ್ರಕ್ಕ ಅಲ್ಲೇ ಅವರ ಕಾದ ಸೋಲ್ಡರಿಂಗ್ ಐರನ್ ಕೇಳಿ ಮುಟ್ಟಿಸಿದರು. ಸಿಪ್ಪೆ ಅಲುಗಲಿಲ್ಲ. ಆದರೂ ಒಂದು ತುಂಡನ್ನು ವಾರವಿಡೀ ಕೈಗೆ ಸುತ್ತಿಕೊಂಡು ಓಡಾಡಿದ ಮೇಲೆಯೇ ಬೆಸುಗೆಗೆ ಕೂತರು.

ಮರುವರ್ಷ ಮುಟ್ಟಳ್ಳಿಯವರು ಮತ್ತೆ ಕರೆದರು. ಗಿಟಾರಿಗೆ ಬೇರೆ ಯಾರನ್ನಾದರೂ ತನ್ನಿ ಎಂದು ಆ ಕಾರ್ಯದರ್ಶಿ ಫೋನಿನಲ್ಲಿ ಹೇಳಿದನಂತೆ. ರಾಮಚಂದ್ರಣ್ಣ ಸ್ಟುಡಿಯೋದಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು.

"ನೀ ಎಂತ ಹೇಳ್ದೆ?" ಸುಮಿತ್ರಕ್ಕ ಕೇಳಿದರು.

"ಬಂದ್ರೆ ಎಲ್ಲರೂ ಬರ್ತೇವೆ, ಇಲ್ಲದಿದ್ರೆ ಟೇಪ್ ಹಾಕ್ಕೋ ಅಂದೆ."

"ಆತು ಹಾಗಾದ್ರೆ."

ಕಾರ್ಯಕ್ರಮದ ದಿನ ಸಂಜೆ ಸುಮಿತ್ರಕ್ಕ ಆ ಡಬ್ಬಿಯನ್ನು ತುಳಿದ ರಭಸಕ್ಕೆ ವೇದಿಕೆಯ ಹಲಗೆ ದಡದಡ ಎನ್ನುತ್ತಿತ್ತು. ಪ್ರತಿ ಸಲವೂ ಗಿಟಾರ್ ಮೈಮೇಲೆ ಬಂದವರಂತೆ ಕೂಗಿತು. ನನ್ನ ಬೆರಳು ಕೀಬೋರ್ಡಿನ ಮೇಲೆ ತಪ್ಪಿತು, ಯಾಕೆಂದರೆ ನಾನು ಅವರನ್ನೇ ನೋಡುತ್ತಿದ್ದೆ. ಹುಡುಗರು ಕುರ್ಚಿಯ ಮೇಲೆ ನಿಂತು ಶಿಳ್ಳೆ ಹಾಕಿದರು. ಮುಗಿದ ಮೇಲೆ ಕಾರ್ಯದರ್ಶಿ ತಲೆ ಕೆರೆದುಕೊಳ್ಳುತ್ತ ಬಂದ. "ಅಕ್ಕಾ, ಆ ಕೊನೆ ಹಾಡು ಇನ್ನೊಂದ್ ಸಲ..."

"ಬ್ಯಾಟರಿ ಮುಗೀತು," ಎಂದರು ಸುಮಿತ್ರಕ್ಕ.

ವ್ಯಾನು ಹತ್ತಿದ ಮೇಲೆ ಡಬ್ಬಿ ತೆರೆದು ಬ್ಯಾಟರಿಯನ್ನು ನಾಲಿಗೆಗೆ ಮುಟ್ಟಿಸಿ, ಅದರಲ್ಲಿ ಇನ್ನೂ ಕರೆಂಟಿದ್ದು ಚುರ್ ಎಂದಾಗ ಕಣ್ಣು ಮುಚ್ಚಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದೆ ಕೆಲವು ವರ್ಷಗಳಲ್ಲಿ ಹಾಡಿಗೆ ಬೇಕಾದ ವಾದ್ಯಗಳೆಲ್ಲ ಸಿ.ಡಿ.ಯಲ್ಲೇ ಬರತೊಡಗಿದವು. ಆರ್ಕೆಸ್ಟ್ರಾ ನಿಂತಿತು. ನನಗೆ ಕಾರವಾರಕ್ಕೆ ವರ್ಗವಾಯಿತು. ಸುಮಿತ್ರಕ್ಕನಿಗೆ ಪಾರ್ಶ್ವವಾಯು ಆಗಿದೆ ಎಂದು ರಾಮಚಂದ್ರಣ್ಣನ ಫೋನ್ ಬಂದಾಗ ಹೊನ್ನಾವರಕ್ಕೆ ಹೋದೆ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮಾತು ಸ್ವಲ್ಪ ತೊದಲುತ್ತಿತ್ತು.

"ಗಿಟಾರ್ ತಕಾ," ಎಂದರು.

ತಂದು ಅವರ ಮಡಿಲಲ್ಲಿಟ್ಟೆ. ಎಡಗೈ ಬೆರಳುಗಳು ತಡವರಿಸದೆ ತಂತಿಗಳ ಮೇಲೆ ತಮ್ಮ ಜಾಗ ಹಿಡಿದವು. ನನ್ನತ್ತ ನೋಡಿದರು. "ಎಂತ ನೋಡ್ತಿ? ಮೀಟು."

ನಾನು ಮಂಚದ ಅಂಚಿಗೆ ಕೂತು ಮೀಟಿದೆ. ಅವರು ಒತ್ತುತ್ತಿದ್ದರು, ನಾನು ಮೀಟುತ್ತಿದ್ದೆ. ಆಂಪ್ಲಿಫಯರ್ ಇಲ್ಲದ ಆ ಗಿಟಾರಿನ ದನಿ ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು ಸಣ್ಣಗಿತ್ತು. ನನ್ನ ತಾಳ ತಪ್ಪಿದಾಗೆಲ್ಲ ಅವರು ನಾಲಿಗೆಯಿಂದ ಟಚ್ ಎನ್ನುತ್ತಿದ್ದರು. ಒಂದು ಹಾಡು ಹೇಗೋ ದಡ ಸೇರಿತು.

"ನೀ ಕೀಬೋರ್ಡಿಗೇ ಲಾಯಕ್ಕು," ಎಂದರು. ಆಮೇಲೆ, "ಇನ್ನೊಂದ್ ಸಲ," ಎಂದು ಮತ್ತೆ ಬೆರಳಿಟ್ಟರು.

ಆ ವರ್ಷದ ಮಳೆಗಾಲಕ್ಕೆ ಮುಂಚೆಯೇ ಅವರು ತೀರಿಹೋದರು.