ಎಲ್ರಾಯ್ ಪೆಟ್ಟಿಸ್‌ನ ಒಂದು ಓಟು

ಮಿಸಿಸಿಪ್ಪಿಯಲ್ಲಿ ಹತ್ತೊಂಬತ್ತರ ಪ್ರಾಯದಲ್ಲಿ ಎರಡು ಪೈನ್ ಮರ ಕದ್ದವನು ಮುಪ್ಪಾದರೂ ಓಟು ಹಾಕುವಂತಿಲ್ಲ. ಶಿಕ್ಷೆ ಮುಗಿದರೂ ಇಲ್ಲ, ಚರ್ಚಿನಲ್ಲಿ ಹಿರಿಯನಾದರೂ ಇಲ್ಲ. ಗವರ್ನರ್ ಕ್ಷಮಿಸಬಹುದು, ಆದರೆ ಗವರ್ನರಿಗೆ ನೂರೆಂಟು ಕೆಲಸ. ಇಲ್ಲವೆಂದರೆ ಅವನೊಬ್ಬನ ಹೆಸರಿನಲ್ಲೇ ಮಸೂದೆ ಬರೆದು, ಕೆಳಮನೆ ಮೇಲ್ಮನೆ ಎರಡರಲ್ಲೂ ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕು. ದೇವರ ಹತ್ತಿರ ಕ್ಷಮೆ ಕೇಳುವುದಕ್ಕೂ ಇಷ್ಟು ಕಾಗದಪತ್ರ ಬೇಡ.

ಹಾಗೆ ಮರ ಕದ್ದು ಓಟು ಕಳೆದುಕೊಂಡ ಗಾರೆ ಕೆಲಸದ ಎಲ್ರಾಯ್ ಪೆಟ್ಟಿಸ್ ನಲವತ್ನಾಲ್ಕು ವರ್ಷ ಸುಮ್ಮನಿದ್ದ. ಮಗಳು ವರ್ನೀಟಾ ಊರಿನ ಮೇಯರ್ ಸ್ಥಾನಕ್ಕೆ ನಿಂತಾಗ ಮಾತ್ರ ತಡೆಯಲಾಗಲಿಲ್ಲ. ಯಾರ್‍ಯಾರದೋ ಕೈಕಾಲು ಹಿಡಿದು ಮಸೂದೆ ಬರೆಸಿದ, ಕೆಳಮನೆ ದಾಟಿತು. ಮೇಲ್ಮನೆಯಲ್ಲಿ ಅದು ಸೆನೆಟರ್ ಹಾಲ್ಕಮ್‌ನ ಸಮಿತಿಗೆ ಹೋಯಿತು. ಆಗ ಮೇಯರ್ ಕುರ್ಚಿಯಲ್ಲಿ ಕೂತಿದ್ದವನು ಹಾಲ್ಕಮ್‌ನ ಭಾವಮೈದುನ.

ಹಾಲ್ಕಮ್ ಎಲ್ರಾಯ್‌ನನ್ನು ಮನೆಗೆ ಕರೆಸಿ, ಜಗಲಿಯಲ್ಲಿ ಕೂರಿಸಿ, ತಣ್ಣನೆಯ ಸಿಹಿ ಚಹಾ ಕೊಟ್ಟ.

"ಓಟು ಸಿಕ್ಕಿದ್ರೆ ಯಾರಿಗೆ ಹಾಕ್ತೀಯ, ಎಲ್ರಾಯ್?"

ಆ ಸೀಮೆಯಲ್ಲಿ ಇದಕ್ಕೆ ಉತ್ತರ ಒಂದೇ, ತೊಟ್ಟಿಲ ಕೂಸಿಗೂ ಗೊತ್ತು. ನೀವು ಹೇಳಿದವರಿಗೆ ಅನ್ನಬೇಕು, ಚಹಾ ಮುಗಿಸಿ ಎದ್ದು ಬರಬೇಕು.

"ನನ್ನ ಮಗಳಿಗೆ, ಸಾಹೇಬ್ರೆ. ಸುಳ್ಳು ಯಾಕೆ ಹೇಳ್ಲಿ," ಎಂದ ಎಲ್ರಾಯ್.

"ಹೇಳ್ಬೇಡ ಬಿಡು. ಒಳ್ಳೇ ಮನುಷ್ಯ ನೀನು," ಎಂದ ಹಾಲ್ಕಮ್, ಲೋಟಕ್ಕೆ ಇನ್ನಷ್ಟು ಬಗ್ಗಿಸಿದ.

ಎಲ್ರಾಯ್ ಮನೆಗೆ ಬಂದು ಇದನ್ನು ಮಗಳಿಗೆ ಹೆಮ್ಮೆಯಿಂದ ಹೇಳಿದ. ಅವಳು ಮತದಾರರ ಪಟ್ಟಿ ತೆಗೆದು ಹೆಸರು ಎಣಿಸತೊಡಗಿದಳು.

ಮಸೂದೆಯನ್ನು ಸಮಿತಿ ಚರ್ಚೆಗೇ ಎತ್ತಿಕೊಳ್ಳಲಿಲ್ಲ. ಅಧಿವೇಶನ ಮುಗಿಯಿತು, ಮಸೂದೆ ಸತ್ತಿತು. ಬೇಡ ಎಂದು ಒಬ್ಬನೂ ಬಾಯಿ ಬಿಡಲಿಲ್ಲ. ರಾಜಧಾನಿಯವರು ಕೊಲ್ಲುವುದೇ ಹಾಗೆ, ಕೈಗೆ ರಕ್ತ ಅಂಟದಂತೆ.

ಜೂನಿನಲ್ಲಿ ಓಟು ಎಣಿಸಿದರು. ಭಾವಮೈದುನನಿಗೆ ಇನ್ನೂರ ಹದಿನೇಳು, ವರ್ನೀಟಾಗೂ ಇನ್ನೂರ ಹದಿನೇಳು. ಸಮ ಬಂದರೆ ಕಡ್ಡಿ ಎತ್ತಿಸುವುದು ಅಲ್ಲಿಯ ರೂಢಿ. ಉದ್ದ ಕಡ್ಡಿ ಸಿಕ್ಕವರು ಗೆದ್ದ ಹಾಗೆ. ಪುರಭವನದಲ್ಲಿ ಎಲ್ಲರೆದುರು ಚೀಲವೊಂದಕ್ಕೆ ಎರಡು ಕಡ್ಡಿ ಹಾಕಿದರು. ಎಲ್ರಾಯ್ ಹಿಂದಿನ ಬೆಂಚಿನಲ್ಲಿ ಟೋಪಿ ಹಿಂಡುತ್ತ ಕೂತಿದ್ದ. ವರ್ನೀಟಾ ಮೊದಲು ಕೈ ಹಾಕಿದಳು. ಗಿಡ್ಡ ಕಡ್ಡಿ ಬಂತು. ಹಾಲ್ಕಮ್ ಎದ್ದು ನಿಂತು ಚಪ್ಪಾಳೆ ತಟ್ಟಿದ.

ಕಾರಿನಲ್ಲಿ ಎಲ್ರಾಯ್ ಮೆಲ್ಲಗೆ ಹೇಳಿದ: "ಮುಂದಿನ ವರ್ಷ ಮತ್ತೆ ಮಸೂದೆ ಹಾಕ್ಸೋಣ, ಮಗಳೇ."

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಮರ ಕದಿಯೋಕೆ ಬಂತು ನಿಂಗೆ," ಎಂದಳು. "ಒಂದು ಸುಳ್ಳು ಹೇಳೋಕೆ ಬರ್ಲಿಲ್ವಲ್ಲಪ್ಪ."